ಆಯಿಯ ಹವಳದ ಸರ ಯಾವ ಕಡಲಿನದು?

[ನೀರಿನ ಸದ್ದು. ಕೊಳವೆಯೊಳಗೆ ಉಸಿರು ಎಳೆದು ಬಿಡುವ ಸದ್ದು.]

ಈಗ ಕೇಳಿದಿರಲ್ಲ, ಆ ಉಸಿರು ನಂದೇ. ಮೂಗು ಮುಚ್ಚೋ ಗಾಜಿನ ಮಾಸ್ಕ್, ಬಾಯಲ್ಲಿ ಬಾಗಿದ ಒಂದು ಕೊಳವೆ, ಮೈಮೇಲೆ ಲೈಫ್ ಜಾಕೆಟ್. ಮುಖ ನೀರಿನೊಳಗೆ, ಬೆನ್ನು ಬಿಸಿಲಿಗೆ. ಇದಕ್ಕೇ ಸ್ನಾರ್ಕೆಲಿಂಗ್ ಅಂತಾರೆ. ರೆಕಾರ್ಡ್ ಆಗಿದ್ದು ಗೆಳೆಯನ ಆಕ್ಷನ್ ಕ್ಯಾಮೆರಾದಲ್ಲಿ, ನೇತ್ರಾಣಿ ದ್ವೀಪದ ಪಕ್ಕ.

ನಿಮಗೆ ಗೊತ್ತೇ ಅದ, ನಾನು ಬೀದರಿನವನು, ಓದಿದ್ದು ಬಿ.ಕಾಂ. ಇತಿಹಾಸವನ್ನ ಕಾಲೇಜಿನಲ್ಲಿ ಓದಿದವನಲ್ಲ. ಆದರೆ ಲೆಕ್ಕದ ಪುಸ್ತಕ ಓದೋದು ಒಂಚೂರು ಕಲಿತಿದ್ದೀನಿ. ಇವತ್ತಿನ ಕಂತಿಗೆ ಆ ವಿದ್ಯೆನೇ ಬೇಕು. ರಜೆಯ ಕಥೆಯಿಂದ ಶುರು ಮಾಡ್ತೀನಿ, ಆದರೆ ಮುಗಿಯೋದು ಸಾಲದ ಕಥೆಯಲ್ಲಿ.

ಮೊದಲು ನಕ್ಷೆ ನೋಡೋಣ. ಬೀದರ್, ಭಾಲ್ಕಿ, ಔರಾದ್. ಕರ್ನಾಟಕದ ನೆತ್ತಿಯ ಮೇಲಿನ ಮೂರು ಊರು. ಇಲ್ಲಿಂದ ಪಶ್ಚಿಮಕ್ಕೆ ಹೋಗ್ರಿ, ಪೂರ್ವಕ್ಕೆ ಹೋಗ್ರಿ, ಸಮುದ್ರ 400 ಕಿಲೋಮೀಟರಿಗಿಂತ ದೂರ. ನಮ್ಮ ಹುಡುಗರು ಈಸು ಕಲಿಯೋದು ಬಾವಿಯಲ್ಲಿ. ನಾನು ಕಲಿತದ್ದು ಭಾಲ್ಕಿ ಹತ್ತಿರ ನಮ್ಮ ಮಾಮಾನ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು. ಅಷ್ಟೇ ನಮ್ಮ ಜಲಕ್ರೀಡೆ.

ಹಿಂಗಿರೋವಾಗ ಕಾಲೇಜಿನ ನಾಲ್ಕು ಗೆಳೆಯರು ಸೇರಿ ಡಿಸೆಂಬರ್ ರಜೆಗೆ ಮುರುಡೇಶ್ವರಕ್ಕೆ ಹೊರಟೆವು. ತಲೆಗೆ ಹುಳ ಬಿಟ್ಟಿದ್ದು ‘ಗಂಧದ ಗುಡಿ’. 2022ರಲ್ಲಿ ಬಂದ ಆ ಸಾಕ್ಷ್ಯಚಿತ್ರದಲ್ಲಿ ಅಪ್ಪು ನೇತ್ರಾಣಿಯ ನೀರಿಗೆ ಇಳಿಯೋದನ್ನ ನೋಡಿದಾಗಿಂದ ಒಬ್ಬ ಗೆಳೆಯ ಜಪ ಮಾಡ್ತಿದ್ದ. ಹೊರಡೋ ಹಿಂದಿನ ವಾರ ನಾನು ಔರಾದ್ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದೆ, ಆಯಿಗೆ ಹೇಳಿ ಬರೋಕೆ. ಆಯಿ ಅಂದ್ರೆ ಅಜ್ಜಿ, ಅಪ್ಪನ ತಾಯಿ.

ಆಯಿ ಒಂದೇ ಮಾತು ಹೇಳಿದಳು: “ಸಮುದ್ರಕ್ಕ ಹೊಂಟೀ ಅಂತಿ. ಬರೋವಾಗ ನನಗೊಂದು ಹವಳ ತಗೊಂಡ್ ಬಾ ಯಪ್ಪಾ. ಖರೆ ಹವಳ.”

ಆ ‘ಖರೆ’ ಅನ್ನೋ ಪದದ ಹಿಂದೆ ಏನಿದೆ ಅಂತ ಆವಾಗ ನನಗೆ ಗೊತ್ತಿರಲಿಲ್ಲ. ‘ಹೂಂ’ ಅಂದು ಬಂದೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆ ಹಿಡೀತು. ನಮ್ಮಲ್ಲಿ ಇಬ್ಬರಿಗೆ ದಾರಿಯಲ್ಲೇ ವಾಂತಿ. ಹಳೆಯ ಇಂಗ್ಲಿಷ್ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲೆಂಡ್, ಅಂದ್ರೆ ಪಾರಿವಾಳದ ದ್ವೀಪ. ನೌಕಾಪಡೆ ವರ್ಷಗಟ್ಟಲೆ ಇದನ್ನ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು. ಪರಿಸರದವರು ಅದಕ್ಕೆ ತಕರಾರು ತೆಗೆದಿದ್ದರು. ಲಕ್ಷದ್ವೀಪದಲ್ಲಿ ಇರೋ ಹಂಗೆ ಇಲ್ಲಿ ಹವಳದ ದೊಡ್ಡ ದಿಬ್ಬ ಇಲ್ಲ. ದ್ವೀಪದ ಬಂಡೆಗಳು ನೀರೊಳಗೆ ಇಳಿಯೋ ಕಡೆ ಹವಳ ಹತ್ತಿಕೊಂಡು ಬೆಳೆದಿದೆ, ಅಷ್ಟೇ. ಮಳೆಗಾಲದಲ್ಲಿ ಎಲ್ಲಾ ಬಂದ್. ಮಳೆ ನಿಂತು ನೀರು ತಿಳಿಯಾದ ಮೇಲೆ ಜನ ಬರ್ತಾರೆ.

ಮುಖ ನೀರಿಗಿಟ್ಟ ಮೊದಲ ನಿಮಿಷ ನನಗೆ ಉಸಿರೇ ಆಡಲಿಲ್ಲ. ಬಾಯಿಂದ ಉಸಿರಾಡಬೇಕು ಅಂತ ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಆಮೇಲೆ ನಿಧಾನಕ್ಕೆ ಹೊಂದಿಕೊಂಡಿತು. ಕೆಳಗೆ ಕಂದು, ಹಸಿರು, ಮಾಸಲು ನೇರಳೆ ಬಣ್ಣದ ಗಡ್ಡೆಗಳು. ಹಳದಿ ಚಿಟ್ಟೆಮೀನು ಜೋಡಿಯಾಗಿ ಹೋಗ್ತಿದ್ದವು. ಗಿಳಿಮೀನು ಬಂಡೆಯನ್ನ ಕೊಕ್ಕಿನಿಂದ ಕೆರೆಯೋ ಸದ್ದು, ಕರ್ ಕರ್ ಅಂತ, ನೀರಲ್ಲಿ ನನಗೆ ಕೇಳಿಸಿತು. ನಾನು ಗಿಡ ಅಂತ ತಿಳ್ಕೊಂಡಿದ್ದ ಹವಳ ಗಿಡ ಅಲ್ಲ, ಪ್ರಾಣಿ. ಕಾಳಿನಷ್ಟು ಸಣ್ಣ ಸಾವಿರಾರು ಜೀವಗಳು ಸೇರಿ, ಸುಣ್ಣದ ಮನೆ ಕಟ್ಟಿಕೊಂಡು ಬದುಕ್ತಾವೆ. ಅವುಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿ ಬಾಡಿಗೆಗೆ ಇರ್ತದೆ. ಬಿಸಿಲಿನಿಂದ ಅನ್ನ ಮಾಡಿ ಹವಳಕ್ಕೆ ಕೊಡ್ತದೆ. ನೀರು ಬಿಸಿಯಾದ್ರೆ ಹವಳ ಪಾಚಿಯನ್ನ ಹೊರಗೆ ಹಾಕ್ತದೆ, ಬಣ್ಣ ಹೋಗಿ ಬಿಳಿಚಿಕೊಳ್ತದೆ. ಹಂಗೇ ಬಹಳ ದಿನ ಇದ್ರೆ ಸಾಯ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಈ ಬಿಳಿಚುವಿಕೆ ನಡೀತಿದೆ ಅಂತ ಘೋಷಿಸಿದರು.

ದೋಣಿ ಹತ್ತಿದ ಮೇಲೆ ಆಯಿಯ ಮಾತು ನೆನಪಾಯ್ತು. ಗೈಡ್‌ಗೆ ಕೇಳಿದೆ, “ಒಂದು ಸಣ್ಣ ತುಂಡು ತಗೊಳ್ಳಬಹುದಾ ಅಣ್ಣಾ, ಸತ್ತದ್ದಾದ್ರೂ ನಡೀತದೆ.” ಅವರು ನಕ್ಕುಬಿಟ್ಟರು. “ಮುಟ್ಟೂಕೂ ಆಗೂದಿಲ್ಲ ಮಾರಾಯ್ರೆ. ಹುಲಿಗೆ ಇರೋ ಕಾನೂನೇ ಇದಕ್ಕೂ.” ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿ ಇರೋ ಅದೇ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಸೇರಿದವು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: “ಅಜ್ಜಿ ಹೇಳಿದ್ದು ಕೆಂಪು ಹವಳ ಇರ್ಬೇಕು. ಅದು ಇಲ್ಲಿ ಆಗೂದಿಲ್ಲ.”

ಇಲ್ಲಿ ಆಗೋದಿಲ್ಲ ಅಂದ್ರೆ ಮತ್ತೆಲ್ಲಿ? ಔರಾದಿನ ಹಳ್ಳಿಯ ಮುದುಕಿಗೆ ಗೊತ್ತಿರೋ ಹವಳ ಬಂದದ್ದು ಎಲ್ಲಿಂದ? ರಜೆಯಿಂದ ನಾನು ತಂದದ್ದು ಈ ಪ್ರಶ್ನೆ ಒಂದೇ.

ಉತ್ತರ ದೂರದ್ದು. ಒಡವೆಗೆ ಬಳಸೋ ಕೆಂಪು ಹವಳ ಬೇರೆ ಜಾತಿ. ಅದರ ಹಳೆಯ ತವರು ಮೆಡಿಟರೇನಿಯನ್ ಸಮುದ್ರ, ಇಟಲಿ, ಸಾರ್ಡಿನಿಯಾ, ಉತ್ತರ ಆಫ್ರಿಕಾದ ದಂಡೆ. ಹತ್ತೊಂಬತ್ತನೇ ಶತಮಾನದ ಕೊನೆ ಹೊತ್ತಿಗೆ ಜಪಾನಿನ ಕಡಲಿಂದಲೂ ಬರೋಕೆ ಶುರುವಾಯ್ತು. ಮೆಡಿಟರೇನಿಯನ್ ಹವಳದ ಕೊಂಬೆ ದಪ್ಪದಲ್ಲಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯೋದಿಲ್ಲ. ಒಂದು ಮಣಿ ಆಗೋಕೆ ಒಂದು ಮನುಷ್ಯನ ಆಯಸ್ಸು ಬೇಕಾಗಬಹುದು.

ಇದು ನಮ್ಮ ದೇಶಕ್ಕೆ ಬರೋಕೆ ಶುರುವಾಗಿ 2000 ವರ್ಷ ಆಯ್ತು. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಒಬ್ಬ ವ್ಯಾಪಾರಿ ಬರೆದ ಕೈಪಿಡಿ ಇದೆ, ‘ಪೆರಿಪ್ಲಸ್’ ಅಂತ. ಇವತ್ತಿನ ಎಕ್ಸ್‌ಪೋರ್ಟ್-ಇಂಪೋರ್ಟ್ ಗೈಡ್ ಇದ್ದಂಗೆ. ಗುಜರಾತಿನ ಭರೂಚ್ ಬಂದರಿಗೆ ಬರೋ ಮಾಲಿನ ಪಟ್ಟಿಯಲ್ಲಿ ದ್ರಾಕ್ಷಾರಸ, ತಾಮ್ರ, ತವರ, ಸೀಸದ ಜೊತೆ ಹವಳನೂ ಇದೆ. ಅದೇ ಪುಸ್ತಕ, ಒಳನಾಡಿನಿಂದ ಆ ಬಂದರಿಗೆ ಬಂಡಿಗಳ ಮೇಲೆ ಬಟ್ಟೆ ಕಳಿಸೋ ಒಂದು ಪಟ್ಟಣದ ಹೆಸರು ಹೇಳ್ತದೆ: ತಗರ. ವಿದ್ವಾಂಸರು ಗುರುತಿಸೋ ಪ್ರಕಾರ ಇವತ್ತಿನ ತೇರ್. ಭಾಲ್ಕಿಯಿಂದ ಪಶ್ಚಿಮಕ್ಕೆ ನೂರು ಚಿಲ್ಲರೆ ಕಿಲೋಮೀಟರ್, ಧಾರಾಶಿವ ಜಿಲ್ಲೆಯಲ್ಲಿ. ನಮ್ಮ ಕಡೆಯವರು ನೆಂಟಸ್ತನ ಮಾಡೋ ದೂರ ಅದು.

ಅದೇ ಶತಮಾನದ ರೋಮಿನ ಲೇಖಕ ಪ್ಲಿನಿ ಒಂದು ಮಜಾ ಹೇಳ್ತಾನೆ. ನಮ್ಮ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಬೆಲೆಯದೋ, ಭಾರತದವರಿಗೆ ನಮ್ಮ ಹವಳ ಅಷ್ಟೇ ಬೆಲೆಯದು ಅನ್ನೋದು ಅವನ ಮಾತಿನ ಸಾರ. ಯಾರಿಗೆ ಯಾವುದು ದೂರದ್ದೋ ಅವರಿಗೆ ಅದು ಚಂದ. ವ್ಯಾಪಾರದ ಮೊದಲ ಪಾಠ. ಮುಂದೆ 17, 18ನೇ ಶತಮಾನದಲ್ಲೂ ಇದೇ ಅದಲುಬದಲು. ಇಟಲಿಯ ಲಿವೋರ್ನೊ ಬಂದರಿನ ವ್ಯಾಪಾರಿಗಳು ಗೋವಾಕ್ಕೆ ಹವಳ ಕಳಿಸೋರು, ಬದಲಿಗೆ ವಜ್ರ ತರಿಸಿಕೊಳ್ಳೋರು.

ಅಂದ್ರೆ ಸಮುದ್ರ ನಮ್ಮೂರಿಗೆ ಯಾವಾಗಲೂ ಬರ್ತಾನೇ ಇತ್ತು. ನೀರಾಗಿ ಅಲ್ಲ, ಮಾಲಾಗಿ.

ಇದಕ್ಕೆ ಸಾಕ್ಷಿ ಬೇಕಾ? ಬೀದರ್ ಕೋಟೆಗೆ ಬರ್ರಿ. ಒಳಗೆ ಹೋದ ಮೇಲೆ ರಂಗೀನ್ ಮಹಲ್ ಅಂತ ಇದೆ. ಸಾಮಾನ್ಯವಾಗಿ ಕೀಲಿ ಹಾಕಿರ್ತಾರೆ, ಕೇಳಿ ತೆಗೆಸಬೇಕು. ಶಾಲೆಯ ಟ್ರಿಪ್‌ನಲ್ಲಿ ಹೋದಾಗ ನಾನು ಇದನ್ನ ನೋಡಿರಲೇ ಇಲ್ಲ. ನೇತ್ರಾಣಿಯಿಂದ ಬಂದ ಮೇಲೆ ಮತ್ತೆ ಹೋದೆ. ಒಳಗಿನ ಕೋಣೆಯಲ್ಲಿ ಕನ್ನಡಿ ಹಂಗೆ ನಯ ಮಾಡಿದ ಕರಿಕಲ್ಲು. ಆ ಕಲ್ಲಿನಲ್ಲಿ ಬಳ್ಳಿ, ಹೂವು, ಪರ್ಷಿಯನ್ ಅಕ್ಷರ ಕೊರೆದು, ಅದರೊಳಗೆ ಮುತ್ತಿನ ಚಿಪ್ಪಿನ ಚೂರು ಕೂರಿಸಿದ್ದಾರೆ. ಬಿದ್ರಿಯಲ್ಲಿ ಕಪ್ಪಿನ ಮೇಲೆ ಬೆಳ್ಳಿ ಇರ್ತದಲ್ಲ, ಇಲ್ಲಿ ಕಪ್ಪಿನ ಮೇಲೆ ಚಿಪ್ಪು. ಮೊಬೈಲ್ ಟಾರ್ಚ್ ಹಿಡಿದು ನಿಧಾನಕ್ಕೆ ಆಚೀಚೆ ಸರಿಸಿದೆ. ಗುಲಾಬಿ, ಹಸಿರು, ನೀಲಿ. ಚಿಪ್ಪಿನಲ್ಲಿ ಬಣ್ಣ ಬಳಿದಿಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳ್ಳಗಿನ ಪದರಗಳು ಒಂದರ ಮೇಲೊಂದು ಕೂತಿರ್ತಾವೆ. ಬೆಳಕು ಅವುಗಳ ನಡುವೆ ಹೊಕ್ಕು ಹೊರಗೆ ಬರುವಾಗ ಬಣ್ಣ ಆಗ್ತದೆ.

ಈ ಮಹಲಿನ ಈಗಿನ ರೂಪ ಅಲಿ ಬರೀದ್ ಶಾಹಿಯ ಕಾಲದ್ದು. ಅವನು ಆಳಿದ್ದು 1542ರಿಂದ 1580. ಆದರೆ ಕಡಲಿಗೂ ಬೀದರಿಗೂ ದಾರಿ ಅದಕ್ಕಿಂತ ನೂರು ವರ್ಷ ಮೊದಲೇ ಸವೆದಿತ್ತು. ಬಹಮನಿಗಳು ಹದಿನೈದನೇ ಶತಮಾನದಲ್ಲಿ ರಾಜಧಾನಿಯನ್ನ ಕಲಬುರಗಿಯಿಂದ ಬೀದರಿಗೆ ತಂದರು. 1453ರ ಸುಮಾರಿಗೆ ಇರಾನಿನ ಗಿಲಾನ್‌ನಿಂದ ಒಬ್ಬ ವ್ಯಾಪಾರಿ ಕೊಂಕಣದ ದಾಭೋಳ್ ಬಂದರಿನಲ್ಲಿ ಇಳಿದ. ಅವನೇ ಮಹಮೂದ್ ಗವಾನ್. ಪ್ರಧಾನಿ ಆದ. ಅವನಿಗೆ ಸಿಕ್ಕ ಬಿರುದು ‘ಮಲಿಕ್-ಉತ್-ತುಜ್ಜಾರ್’, ವ್ಯಾಪಾರಿಗಳ ಒಡೆಯ ಅಂತ. ಕಾಮರ್ಸ್ ಓದಿದವನಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದಿದೆ! 1472ರಲ್ಲಿ ಅವನು ಗೋವಾ ಬಂದರು ಗೆದ್ದ. ಅದೇ ವರ್ಷ ಬೀದರಿನಲ್ಲಿ ಅವನ ಮದರಸಾ ಮುಗೀತು. ಒಂದು ಕೈಯಲ್ಲಿ ಬಂದರು, ಇನ್ನೊಂದು ಕೈಯಲ್ಲಿ ಪುಸ್ತಕ. 1481ರಲ್ಲಿ ಸುಳ್ಳು ಪತ್ರವೊಂದರ ಆಪಾದನೆ ಮೇಲೆ ಅವನದೇ ಸುಲ್ತಾನ ಅವನ ತಲೆ ತೆಗೆಸಿದ.

ಗವಾನ್ ದೊಡ್ಡ ವ್ಯಾಪಾರಿ. ಅವನ ಕಾಲದಲ್ಲೇ ಒಬ್ಬ ಸಣ್ಣ ವ್ಯಾಪಾರಿನೂ ಬೀದರಿಗೆ ಬಂದಿದ್ದ. ಅಫನಾಸಿ ನಿಕಿತಿನ್, ರಷ್ಯಾದ ತ್ವೇರ್ ಊರಿನವನು. ವೋಲ್ಗಾ ನದಿಯ ದಾರಿಯಲ್ಲಿ ಅವರ ತಂಡ ಲೂಟಿ ಆಯ್ತು. ಊರಲ್ಲಿ ಆಸ್ತಿ ಇದ್ದವರು ವಾಪಸ್ ಹೋದರು, ಊರಲ್ಲಿ ಸಾಲ ಇದ್ದವರು ಕಣ್ಣು ಕಂಡ ಕಡೆ ನಡೆದರು ಅನ್ನೋ ಅರ್ಥದಲ್ಲಿ ಅವನೇ ಬರೀತಾನೆ. ಅವನು ಮುಂದಕ್ಕೆ ನಡೆದ. ಹೊರ್ಮುಜ್‌ನಲ್ಲಿ ಒಂದು ಕುದುರೆ ಸಮೇತ ಹಡಗು ಹತ್ತಿ, ಆರು ವಾರಕ್ಕೆ ಕೊಂಕಣದ ಚೌಲ್‌ನಲ್ಲಿ ಇಳಿದ. ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಕುದುರೆ ಕಸಿದುಕೊಂಡ, ಅದು ಹೆಂಗೋ ವಾಪಸ್ ಸಿಕ್ಕಿತು, ಕೊನೆಗೆ ಬೀದರಿನಲ್ಲಿ ಮಾರಿದ. ನಮ್ಮ ಆಳಂದದ ಜಾತ್ರೆಯ ಕುದುರೆ ವ್ಯಾಪಾರವನ್ನೂ ಬರೆದಿಟ್ಟಿದ್ದಾನೆ. ಬೀದರಿನ ಬಗ್ಗೆ ಅವನು ಕಂಡದ್ದು ಎರಡು ವಿಷಯ: ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೀತಾರೆ, ಹಳ್ಳಿಯ ಜನ ತೀರಾ ಬಡವರು. ಪಾಪ, ಅವನು ವಾಪಸ್ ಊರು ಮುಟ್ಟಲಿಲ್ಲ. ದಾರಿಯಲ್ಲಿ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ಬರಹ ಮಾತ್ರ ಮುಟ್ಟಿತು.

ಸರಿ. ಸುಲ್ತಾನ ಯಾರು ಗೊತ್ತಾಯ್ತು, ವ್ಯಾಪಾರಿ ಯಾರು ಗೊತ್ತಾಯ್ತು. ಆದರೆ ಚಿಪ್ಪು ತಾನಾಗೇ ದಡಕ್ಕೆ ನಡೆದು ಬರೋದಿಲ್ಲ. ರಂಗೀನ್ ಮಹಲಿನ ಒಂದೊಂದು ಚೂರಿಗೂ ಒಬ್ಬ ಉಸಿರು ಕಟ್ಟಿ ನೀರಿಗೆ ಇಳಿದಿದ್ದಾನೆ. ಅವನು ಯಾರು?

ಇಲ್ಲಿ ಭಾಲ್ಕಿಯ ಬಾವಿಯನ್ನ ಒಂಚೂರು ನೆನಪು ಮಾಡ್ಕೊಳ್ತೀನಿ. ಬಾವಿಗೆ ಕೊಡ ಬಿದ್ರೆ ಮೊದಲು ಪಾತಾಳಗರಡಿ ಬಿಡ್ತಿದ್ರು. ಕೊಕ್ಕೆಗಳ ಗೊಂಚಲು, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಡಕೋದು. ಅದಕ್ಕೂ ಸಿಗದಿದ್ರೆ ಊರಲ್ಲಿ ಒಬ್ಬ ಕಾಕಾ ಇದ್ದ, ಅವನನ್ನ ಕರೆಸ್ತಿದ್ರು. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲಿನವರ ಕೈಯಲ್ಲಿ. ಅವನು ಮುಳುಗಿದಾಗ ಮಕ್ಕಳೆಲ್ಲಾ ನಮ್ಮ ನಮ್ಮ ಉಸಿರು ಹಿಡಿದು ಎಣಿಸ್ತಿದ್ದೆವು. ಎಲ್ಲರದ್ದೂ ಮುಗೀತಿತ್ತು, ಅವನು ಬರ್ತಿರಲಿಲ್ಲ. ಆಮೇಲೆ ಹಗ್ಗ ಜಗ್ಗುತ್ತಿತ್ತು.

ಮುತ್ತು ತೆಗೆಯೋದೂ ಇದೇ ಕೆಲಸ, ಕಡಲಿನಲ್ಲಿ. ಆ ಕಾಲಕ್ಕೆ ನಮ್ಮ ಸುತ್ತಿನ ದೊಡ್ಡ ಮುತ್ತಿನ ತಾಣ ಎರಡು. ಒಂದು ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವಿನ ಮನ್ನಾರ್ ಕೊಲ್ಲಿ, ಇನ್ನೊಂದು ಬಹ್ರೇನ್ ಸುತ್ತಲಿನ ಪರ್ಷಿಯನ್ ಕೊಲ್ಲಿ. ಮೂಗಿಗೆ ಕೊಂಬಿನ ಅಥವಾ ಆಮೆಚಿಪ್ಪಿನ ಚಿಮಟ, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ, ಬೆರಳಿಗೆ ತೊಗಲಿನ ಚೀಲ. ಕಲ್ಲಿನ ಭಾರಕ್ಕೆ ತಳ ಮುಟ್ಟೋದು, ಒಂದು ನಿಮಿಷ ಚಿಲ್ಲರೆ ಹೊತ್ತು ಚಿಪ್ಪು ಕಿತ್ತು ತುಂಬೋದು, ಹಗ್ಗ ಅಲ್ಲಾಡಿಸೋದು. ದೋಣಿಯಲ್ಲಿ ಇನ್ನೊಬ್ಬ ಎಳೀಬೇಕು. ದಿನಕ್ಕೆ ಹತ್ತಾರು ಸಲ, ಬೇಸಿಗೆಯ ನಾಲ್ಕು ತಿಂಗಳು.

ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ ಇದನ್ನ ಬರೆದಿದ್ದಾನೆ. ಅವನು ನಮ್ಮ ಹೊನ್ನಾವರಕ್ಕೂ ಬಂದಿದ್ದ, ಮುರುಡೇಶ್ವರದಿಂದ ಅರ್ಧ ಗಂಟೆ ದಾರಿ. ಪರ್ಷಿಯನ್ ಕೊಲ್ಲಿಯ ಬಗ್ಗೆ ಅವನು ಕೊಡೋ ಲೆಕ್ಕ ಕೇಳ್ರಿ. ಸಿಕ್ಕ ಮುತ್ತಿನಲ್ಲಿ ಐದನೇ ಒಂದು ಪಾಲು ಸುಲ್ತಾನನಿಗೆ. ಉಳಿದದ್ದನ್ನ ದೋಣಿಯಲ್ಲೇ ಕೂತಿರೋ ವ್ಯಾಪಾರಿಗಳು ಕೊಳ್ತಾರೆ. ಆದರೆ ಮುಳುಗೋನ ಕೈಗೆ ದುಡ್ಡು ಬರೋದು ಕಮ್ಮಿ. ಯಾಕಂದ್ರೆ ಬಹಳಷ್ಟು ಮಂದಿ ಅದೇ ವ್ಯಾಪಾರಿಗಳ ಸಾಲಗಾರರು. ಮುತ್ತು ಸಾಲಕ್ಕೆ ಜಮಾ ಆಗ್ತದೆ.

ಇದು ಒಂದು ಕಾಲದ ಕಥೆಯಲ್ಲ, ಆರುನೂರು ವರ್ಷ ನಡೀತು. ಸೀಸನ್‌ಗೆ ಮೊದಲು ದೋಣಿಯ ಯಜಮಾನ, ಅವನಿಗೆ ನಖೂದಾ ಅಂತಿದ್ರು, ಮನೆಗೆ ಅಕ್ಕಿ, ಖರ್ಜೂರ, ಮುಂಗಡ ಕೊಡ್ತಾನೆ. ಸೀಸನ್ ಮುಗಿದ ಮೇಲೆ ಲೆಕ್ಕ ಮಾಡಿದ್ರೆ ಸಾಲ ತೀರಿರೋದಿಲ್ಲ. ಮುಂದಿನ ವರ್ಷ ಅದೇ ದೋಣಿ. ಪುಸ್ತಕ ಯಜಮಾನನ ಕೈಯಲ್ಲಿ, ಮುಳುಗೋನಿಗೆ ಓದೋಕೆ ಬರೋದಿಲ್ಲ. 1920ರ ದಶಕದಲ್ಲಿ ಬಹ್ರೇನ್‌ನಲ್ಲಿ ಸುಧಾರಣೆ ಬಂದಾಗ ಮಾಡಿದ ಮುಖ್ಯ ನಿಯಮ ಯಾವುದು ಗೊತ್ತಾ? ಮುಳುಗೋ ಪ್ರತಿಯೊಬ್ಬನಿಗೂ ಅವನದೇ ಹೆಸರಿನ ಲೆಕ್ಕದ ಪುಸ್ತಕ ಕೊಡಬೇಕು. ಪಾಸ್‌ಬುಕ್, ಅಷ್ಟೇ. ಅದನ್ನ ಓದಿದಾಗ ನಾನು ಒಂದು ನಿಮಿಷ ಸುಮ್ಮನೆ ಕೂತೆ. ಬಿ.ಕಾಂ. ಓದುವಾಗ ಲೆಜರ್ ಅಂದ್ರೆ ಪರೀಕ್ಷೆಯ ಕಾಟ ಅಂದ್ಕೊಂಡಿದ್ದೆ. ಅದು ಯಾರ ಕೈಯಲ್ಲಿದೆ ಅನ್ನೋದ್ರ ಮೇಲೆ ಒಂದು ಮನೆತನದ ಹಣೆಬರಹ ನಿಲ್ತದೆ.

ಆ ಧಂದೆ ಮುಳುಗಿದ್ದೂ ಬೇಗ. ಜಪಾನಿನ ಮಿಕಿಮೊಟೊ 1893ರಲ್ಲಿ ಚಿಪ್ಪಿನೊಳಗೆ ಮುತ್ತು ಸಾಕೋದನ್ನ ಸಾಧಿಸಿದ. ಮುಂದಿನ ದಶಕಗಳಲ್ಲಿ ಸಾಕಿದ ಮುತ್ತು ಪೇಟೆ ತುಂಬಿತು. ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಕೊಲ್ಲಿಯ ಮುತ್ತಿಗೆ ಬೆಲೆ ಬಿತ್ತು. 1932ರಲ್ಲಿ ಬಹ್ರೇನ್‌ನಲ್ಲಿ ಎಣ್ಣೆ ಸಿಕ್ಕಿತು. ಇವತ್ತು ನಮ್ಮ ಬೀದರಿನ ಎಷ್ಟೋ ಮನೆಗಳ ಹುಡುಗರು ದುಡಿಯೋಕೆ ಹೋಗೋದು ಅದೇ ಕೊಲ್ಲಿಗೆ. ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ವಿಮಾನ ಹತ್ತಿದವರನ್ನ ನೀವೂ ಬಲ್ಲಿರಿ, ನಾನೂ ಬಲ್ಲೆ.

ಈಗ ಔರಾದಿಗೆ ವಾಪಸ್.

ರಂಗೀನ್ ಮಹಲ್ ನೋಡಿದ ಮರುವಾರ ಆಯಿಯ ಮುಂದೆ ಕೂತೆ. ಹವಳ ತಂದಿಲ್ಲ ಅಂದೆ. ಯಾಕ ಕೇಳಿದ್ದೆ ಆಯಿ, ಅಂದೆ. ಆವಾಗ ಮೊದಲ ಸಲ ಹೇಳಿದಳು. ಮದುವೆಯಲ್ಲಿ ಅವರವ್ವ ಹಾಕಿದ ಒಂದು ಹವಳದ ಸರ ಇತ್ತಂತೆ, ನಡುನಡುವೆ ಬಂಗಾರದ ಗುಂಡು. ಅದು ಅವರವ್ವನಿಗೂ ಅವರವ್ವನಿಂದ ಬಂದದ್ದು. ಎಪ್ಪತ್ತೆರಡರ ಬರ ಬಂತು. ಎರಡು ವರ್ಷ ಹೊಲದಲ್ಲಿ ಕಾಳಿಲ್ಲ. ಜನ ಬರಗಾಲದ ಕೆಲಸಕ್ಕೆ ರಸ್ತೆಗೆ ಕಲ್ಲು ಒಡೆಯೋಕೆ ಹೋದರು, ಆಯಿನೂ ಹೋದಳು, ಹೊಟ್ಟೆಯಲ್ಲಿ ನಮ್ಮಪ್ಪ. ಆವಾಗ ಅಜ್ಜ ಆ ಸರ ಸಾಹುಕಾರನ ಹತ್ತಿರ ಗಿರವಿ ಇಟ್ಟ, ಎರಡು ಚೀಲ ಜೋಳಕ್ಕೆ. ಬಿಡಿಸ್ಕೋತೀನಿ ಅಂದಿದ್ದ. ಬಡ್ಡಿ ಅಸಲಿಗಿಂತ ದೊಡ್ಡದಾಯ್ತು. ವಹಿಯಲ್ಲಿ ಏನು ಬರೆದಿತ್ತೋ ಅಜ್ಜನಿಗೆ ಓದೋಕೆ ಬರ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ. ಸರ ಹೋಯ್ತು.

ಅದಕ್ಕೇ ‘ಖರೆ ಹವಳ’. ಆಮೇಲೆ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಮಣಿಗಳು ಅವಳಿಗೆ ಹವಳ ಅನಿಸಿರಲೇ ಇಲ್ಲ.

ನಾನು ಮೊಬೈಲ್ ತೆಗೆದು ನೇತ್ರಾಣಿಯ ವಿಡಿಯೋ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಇದು ಗಿಡ ಏನು?”

“ಗಿಡ ಅಲ್ಲ ಆಯಿ, ಜೀವ ಅದ. ಕಿತ್ತರ ಸಾಯ್ತದ.”

“ಹಂಗಾರ ಬ್ಯಾಡ ಬಿಡು.”

ಆಮೇಲೆ ಮುತ್ತು ತೆಗೆಯೋರ ಬಗ್ಗೆ ಹೇಳಿದೆ. ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ. ಸುಲ್ತಾನನ ಹೆಸರು, ಗವಾನನ ಹೆಸರು, ಯಾವುದಕ್ಕೂ ಅವಳು ತಲೆ ಆಡಿಸಲಿಲ್ಲ. ಎಲ್ಲಾ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಮುಳುಗೋರಿಗೆ ಎಷ್ಟು ಕೊಡ್ತಿದ್ರು?”

“ಕೊಡ್ತಿರಲಿಲ್ಲ ಆಯಿ. ಸಾಲಕ್ಕ ಮುರ್ಕೋತಿದ್ರು.”

“ಅಂದ್ರ ನಮ್ಹಂಗೇ ಅನ್ನು,” ಅಂದಳು. ಅಡಿಕೆ ಕತ್ತರಿಸೋಕೆ ಕೂತಳು.

ನಾನು ಇಷ್ಟು ದಿನ ಓದಿದ್ದು ಆ ಒಂದು ಮಾತಿನಲ್ಲಿ ಇತ್ತು. ಚಂದದ ವಸ್ತು ಕಡಲಿನ ತಳದಿಂದ ಬಂದು ನಮ್ಮ ಕೊರಳಿಗೆ, ನಮ್ಮ ಗೋಡೆಗೆ ಕೂರೋ ದಾರಿ ಬಹಳ ಉದ್ದ. ಆ ದಾರಿಯ ಆಚೆ ತುದಿಯಲ್ಲಿ ಮುಳುಗಿದವನಿಗೂ ಅದು ದಕ್ಕಲಿಲ್ಲ, ಈಚೆ ತುದಿಯಲ್ಲಿ ತೊಟ್ಟವಳಿಗೂ ಉಳಿಯಲಿಲ್ಲ. ಇಬ್ಬರೂ ಕಳಕೊಂಡದ್ದು ಓದೋಕೆ ಬಾರದ ಒಂದು ಪುಸ್ತಕಕ್ಕೆ. ಕೋಟೆಯ ಗೋಡೆಯ ಮೇಲೆ ಕಟ್ಟಿಸಿದವನ ಹೆಸರು ಸಿಗ್ತದೆ. ಮುಳುಗಿದವನ ಹೆಸರು ಯಾರದೋ ಸಾಲದ ಪುಟದಲ್ಲಿ ಮಾತ್ರ ಇತ್ತು.

ನೇತ್ರಾಣಿಯಲ್ಲಿ ನಾನು ದುಡ್ಡು ಕೊಟ್ಟು, ಲೈಫ್ ಜಾಕೆಟ್ ಹಾಕ್ಕೊಂಡು, ಅರ್ಧ ಗಂಟೆ ನೀರಿನ ಮೇಲೆ ತೇಲಿದೆ. ಭಯ ಆದಾಗ ತಲೆ ಎತ್ತಿದೆ. ಹಂಗೆ ತಲೆ ಎತ್ತೋ ಅವಕಾಶ ಇರೋದನ್ನೇ ರಜೆ ಅಂತಾರೆ ಅಂತ ಈಗ ಅನಿಸ್ತದೆ. ನೀವೂ ಹೋಗ್ರಿ, ಖಂಡಿತ ಹೋಗ್ರಿ. ಮುಟ್ಟಬೇಡ್ರಿ, ಕಾಲಿಡಬೇಡ್ರಿ, ಏನೂ ತರಬೇಡ್ರಿ. ಹಂಗೇ ಒಂದು ದಿನ ಬೀದರ್ ಕೋಟೆಗೂ ಬರ್ರಿ. ರಂಗೀನ್ ಮಹಲಿನ ಕೀಲಿ ತೆಗೆಸಿ ಕರಿಕಲ್ಲಿನ ಮುಂದೆ ನಿಂತು, ಒಂದು ನಿಮಿಷ ಉಸಿರು ಹಿಡಿದು ನೋಡ್ರಿ. ಎಷ್ಟು ಹೊತ್ತು ಆಗ್ತದೆ ಅಂತ.

ನಿಮ್ಮ ಮನೆಯಲ್ಲೂ ಗಿರವಿಗೆ ಹೋಗಿ ವಾಪಸ್ ಬಾರದ ಒಂದು ಒಡವೆಯ ಕಥೆ ಇರಬಹುದು. ಅಜ್ಜಿ ಇದ್ದಾಗಲೇ ಕೇಳಿಕೊಳ್ರಿ. ವಾಯ್ಸ್ ನೋಟ್ ಮಾಡಿ ಕಳಿಸ್ರಿ, ಮುಂದೊಂದು ಕಂತಿನಲ್ಲಿ ಸೇರಿಸೋಣ.

ಬರ್ತೀನ್ರಿ. ಮುಂದಿನ ವಾರ ಸಿಗೋಣ.

[ನೀರಿನ ಸದ್ದು.]